ಅಮ್ಮ ಹೊಲಿಗೆ ಮಿಷನ್ ಮುಂದೆ ನೀರು ಕುಡಿಯುತ್ತಿರಲಿಲ್ಲ

ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿರುವ ಮೂವರು ಹುಡುಗಿಯರು ಈ ತಿಂಗಳು ಮೆಸೇಜ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದಾರೆ. "ಅಕ್ಕಾ, ಇಂಗ್ಲೆಂಡ್‌ಗೆ ಬರಬಹುದಾ?" ಬನ್ನಿ. ಆದರೆ ನನ್ನ ಮೊದಲ ಎರಡು ವರ್ಷ ಹೇಗಿತ್ತು ಅಂತ ಹೇಳದೆ ಬರೀ ಬನ್ನಿ ಅಂದರೆ ತಪ್ಪಾಗುತ್ತದೆ.

ನಾನು ಬಂದಿದ್ದು 2021ರಲ್ಲಿ. ಮೊದಲ ಕೆಲಸ ನರ್ಸಿಂಗ್ ಹೋಮ್‌ನಲ್ಲಿ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಚಿಕ್ಕ ಆಸ್ಪತ್ರೆ, ಇಲ್ಲಿ ಹಾಗಲ್ಲ, ಕೈಲಾಗದ ವಯಸ್ಸಾದವರು ಕೊನೆಯವರೆಗೂ ಇರುವ ಜಾಗ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ 34 ಜನಕ್ಕೆ ನಾನೊಬ್ಬಳೇ ನರ್ಸ್. ಜೊತೆಗೆ ನಾಲ್ಕು ಜನ ಸಹಾಯಕರು ಇರಬೇಕು. ಎಷ್ಟೋ ರಾತ್ರಿ ಇಬ್ಬರೇ ಇರುತ್ತಿದ್ದರು. ಒಬ್ಬರು ಬಿದ್ದರೆ, ಇನ್ನೊಬ್ಬರಿಗೆ ಉಸಿರು ಕಟ್ಟಿದರೆ, ಮಾತ್ರೆ ಕೊಡುವುದು ತಡವಾಗದೇ ಇರುತ್ತದಾ?

ತಡವಾದ ದಿನ ಬೆಳಿಗ್ಗೆ ಮ್ಯಾನೇಜರ್ ಎಲ್ಲರ ಮುಂದೆ ಚಾರ್ಟ್ ಎತ್ತಿ ಹಿಡಿದು ಕೇಳುತ್ತಿದ್ದರು, ನಿಮ್ಮ ದೇಶದಲ್ಲಿ ಇದನ್ನೇ ಕಲಿಸೋದಾ ಅಂತ. ನನ್ನ ಇಂಗ್ಲಿಷ್ ಅರ್ಥವಾಗದ ಹಾಗೆ ಮುಖ ಮಾಡುತ್ತಿದ್ದರು. ರಜೆ ದಿನ ಫೋನ್ ಮಾಡಿ ಬಾ ಅನ್ನುತ್ತಿದ್ದರು. ಆಗಲ್ಲ ಅಂದರೆ ವೀಸಾ ಮಾತು. ಇಲ್ಲಿ ನಮ್ಮ ವೀಸಾ ಕೆಲಸ ಕೊಟ್ಟವರ ಹೆಸರಿಗೇ ಕಟ್ಟಿರುತ್ತದೆ. ಅವರು ಸ್ಪಾನ್ಸರ್‌ಶಿಪ್ ತೆಗೆದರೆ ಸರ್ಕಾರದಿಂದ ಪತ್ರ ಬರುತ್ತದೆ, ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಹೊರಡಬೇಕು. ಅದರ ಮೇಲೆ ನನ್ನ ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು. ಮೂರು ವರ್ಷದೊಳಗೆ ಬಿಟ್ಟರೆ ಕರೆಸಿಕೊಂಡ ಖರ್ಚು ವಾಪಸ್ ಕಟ್ಟಬೇಕು. ಊರಲ್ಲಿ ಅಪ್ಪ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಸುಮ್ನಿದ್ದೆ.

ಮನಸ್ಸು ಸುಮ್ನಿದ್ದರೂ ಮೈ ಸುಮ್ನಿರಲಿಲ್ಲ. ಹೊಟ್ಟೆ ಉರಿ. ಹಗಲಲ್ಲಿ ಮಲಗಿದರೆ ಎರಡು ಗಂಟೆಗೆ ಎಚ್ಚರ. ಫೋನ್ ಟಿಂಗ್ ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅದು ಅಮ್ಮನ ಗುಡ್ ಮಾರ್ನಿಂಗ್ ಮೆಸೇಜ್ ಆಗಿದ್ದರೂ. ಒಂದೇ ವರ್ಷದಲ್ಲಿ ಮೂರನೇ ಸಲ ಉರಿಮೂತ್ರ ಬಂತು ಅಂತ ಡಾಕ್ಟರ್ ಹತ್ತಿರ ಹೋದೆ. ಬಿಪಿ ನೋಡಿದರು, 152/98. ಆಗ ನನಗೆ 29 ವರ್ಷ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂತ ಕೇಳಿದರು. ಡ್ಯೂಟಿಯಲ್ಲಿ ಕುಡಿಯಲ್ಲ, ಟಾಯ್ಲೆಟ್‌ಗೆ ಹೋಗಲು ಪುರುಸೊತ್ತಿಲ್ಲ ಅಂದೆ. ಆಮೇಲೆ ಅವರು ಪೆನ್ ಕೆಳಗಿಟ್ಟು ಕೇಳಿದರು, "ಕೆಲಸದಲ್ಲಿ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ?" ನಾನು ಅಲ್ಲೇ ಅತ್ತುಬಿಟ್ಟೆ.

ಅತ್ತಿದ್ದು ಮ್ಯಾನೇಜರ್ ನೆನಪಾಗಿ ಅಲ್ಲ. ಅಮ್ಮನ ನೆನಪಾಯಿತು. ಬಳ್ಳಾರಿ ಜೀನ್ಸ್ ಅಂದರೆ ಎಲ್ಲರಿಗೂ ಗೊತ್ತು. ಅಮ್ಮ ಕೌಲ್ ಬಜಾರ್ ಹತ್ತಿರ ಒಂದು ತಗಡಿನ ಶೆಡ್‌ನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಲೆಕ್ಕ ಪೀಸಿಗೆ ಇಷ್ಟು ಅಂತ. ಏಪ್ರಿಲ್ ಬಿಸಿಲಲ್ಲಿ, ಹೊರಗೇ 40 ಡಿಗ್ರಿ ಇರುವಾಗ, ಅವಳು ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಲೋಟ ನೀರು ಕುಡಿಯುತ್ತಿದ್ದಳು. ಯಾಕಮ್ಮಾ ಅಂದರೆ, "ನೀರು ಕುಡಿದ್ರೆ ಏಳ್ಬೇಕಾಗ್ತದೆ. ಎದ್ರೆ ಪೀಸ್ ಕಮ್ಮಿ ಆಗ್ತಾವೆ, ಮೇಲೆ ಬೈಗುಳ ಬೇರೆ." ಅವಳಿಗೂ ಪದೇ ಪದೇ ಉರಿಮೂತ್ರ ಬರುತ್ತಿತ್ತು. ನಾವು ಉಷ್ಣ ಅಂದುಕೊಂಡು ಸಬ್ಜಾ ನೀರು ಕೊಡುತ್ತಿದ್ದೆವು. ನನ್ನನ್ನು ಓದಿಸಿದ್ದೇ ಆ ಶೆಡ್ಡಿಗೆ ನಾನು ಹೋಗಬಾರದು ಅಂತ. ನಾನು ಏಳು ಸಾವಿರ ಕಿಲೋಮೀಟರಿಗಿಂತ ದೂರ ಬಂದು ಅದನ್ನೇ ಮಾಡುತ್ತಿದ್ದೆ.

ಡಾಕ್ಟರ್ ಚೀಟಿಯಲ್ಲಿ ಕೆಲಸದಿಂದ ಆದ ಒತ್ತಡ ಅಂತಲೇ ಬರೆದರು. ಇಲ್ಲಿ ಏಳು ದಿನಕ್ಕಿಂತ ಜಾಸ್ತಿ ರಜೆ ಬೇಕಾದರೆ ಈ ಚೀಟಿ ಕೊಡಬೇಕು. 2022ರ ಜುಲೈಯಿಂದ ನರ್ಸ್‌ಗಳೂ ಇದಕ್ಕೆ ಸಹಿ ಹಾಕಬಹುದು ಅಂತ ಆಮೇಲೆ ಗೊತ್ತಾಯಿತು. ಕಾಯಿಲೆಯ ಕಾರಣ ನನ್ನ ಸ್ವಭಾವ ಅಲ್ಲ, ನನ್ನ ಕೆಲಸ ಅಂತ ಕಾಗದದ ಮೇಲೆ ಓದಿದ್ದು ಅದೇ ಮೊದಲು.

ಆ ರಜೆಯಲ್ಲಿ ತುಂಬಾ ಓದಿದೆ. ಲಂಡನ್‌ನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ಅಧ್ಯಯನ ಒಂದಿದೆ, ವೈಟ್‌ಹಾಲ್ ಅಧ್ಯಯನ ಅಂತಾರೆ. ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಹೃದ್ರೋಗದಿಂದ ಸಾಯುವುದು ದೊಡ್ಡ ಸಾಹೇಬರಲ್ಲಿ ಜಾಸ್ತಿ ಇರಬೇಕು ಅನ್ನಿಸುತ್ತದೆ ಅಲ್ವಾ? ಕೆಳಗಿನ ದರ್ಜೆಯವರಲ್ಲಿ ಅದು ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ಬಿಪಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿ ಮೈಕೆಲ್ ಮಾರ್ಮಟ್ ಅವರ ತಂಡ ಎರಡನೇ ಅಧ್ಯಯನ ಶುರು ಮಾಡಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಿಗೆ ಹೃದಯದ ಕಾಯಿಲೆ ಜಾಸ್ತಿ ಅಂತ ಅದರಲ್ಲಿ ಕಂಡಿತು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅನ್ನುವುದೂ ಇನ್ನೊಬ್ಬರ ಕೈಯಲ್ಲಿ. ಅಮ್ಮನಿಗೆ ಈಗ ಬಿಪಿ ಮಾತ್ರೆ. ನಮ್ಮ ಓಣಿಯಲ್ಲಿ ಅವಳ ಜೊತೆ ಹೊಲಿದವರಲ್ಲಿ ಯಾರಿಗಿಲ್ಲ?

ಒಂದು ಮಾತು ಹೇಳಲೇಬೇಕು. ನನಗೆ ಬೈಯುತ್ತಿದ್ದ ಮ್ಯಾನೇಜರ್ ಕೂಡ ವಾರಕ್ಕೆ 60 ಗಂಟೆ ಅಲ್ಲೇ ಇರುತ್ತಿದ್ದರು. ಇನ್ನೊಬ್ಬ ನರ್ಸ್ ಬೇಕು ಅಂತ ಕೇಳಿದರೆ ಮಾಲೀಕರು ದುಡ್ಡಿಲ್ಲ ಅನ್ನುತ್ತಿದ್ದರು. ಹಾಗಂತ ಅವರು ಆಡಿದ ಮಾತನ್ನು ನಾನು ಕ್ಷಮಿಸಿಲ್ಲ. ಆದರೆ ಅವರನ್ನು ಬದಲಿಸಿ ಬೇರೆಯವರನ್ನು ಕೂರಿಸಿದ್ದರೂ ರಾತ್ರಿ ನಾನು ಒಬ್ಬಳೇ ಇರುತ್ತಿದ್ದೆ, ಮಾತ್ರೆ ತಡವಾಗುತ್ತಿತ್ತು, ಬೆಳಿಗ್ಗೆ ಯಾರೋ ಒಬ್ಬರು ಕೂಗಾಡುತ್ತಿದ್ದರು. ಹಾಗಾಗಿ "ಸ್ವಲ್ಪ ಗಟ್ಟಿ ಆಗಮ್ಮಾ, ಎಲ್ಲ ಕಡೆ ಹಿಂಗೇ" ಅಂತ ಊರಿನವರು ಹೇಳಿದಾಗ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ನನ್ನನ್ನು ಉಳಿಸಿದ್ದು ಒಂದು ನೋಟ್‌ಬುಕ್ ಮತ್ತು ಯೂನಿಯನ್. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನಂದರು, ಆ ರಾತ್ರಿ ಎಷ್ಟು ಜನ ಇದ್ದರು, ಎಲ್ಲ ಬರೆದಿಟ್ಟೆ. ಯೂನಿಯನ್ ಪ್ರತಿನಿಧಿ ಅದನ್ನು ಮುಂದಿಟ್ಟುಕೊಂಡು ನನ್ನ ಪರವಾಗಿ ಮಾತಾಡಿದರು. ಆರು ಗಂಟೆಗಿಂತ ಜಾಸ್ತಿ ದುಡಿದರೆ 20 ನಿಮಿಷ ಬಿಡುವು, ಎರಡು ದಿನದ ಕೆಲಸದ ನಡುವೆ 11 ಗಂಟೆ ವಿರಾಮ, ಇದು ಇಲ್ಲಿ 1998ರಿಂದ ಕಾನೂನು. ನನಗೆ ಎರಡನೇ ವರ್ಷದವರೆಗೂ ಯಾರೂ ಹೇಳಿರಲಿಲ್ಲ. ಖರ್ಚು ವಾಪಸ್ ಕಟ್ಟುವ ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯಿತು. ಬೇರೆ ಸ್ಪಾನ್ಸರ್ ಸಿಕ್ಕಿ, ಸರ್ಕಾರಿ ಆಸ್ಪತ್ರೆ ಸೇರಿದೆ. ಇಲ್ಲೂ ಚಳಿಗಾಲದಲ್ಲಿ ಕಾರಿಡಾರ್ ತುಂಬ ರೋಗಿಗಳು, ಸುಸ್ತು ಇದ್ದೇ ಇದೆ. ಆದರೆ ಇಂಥದ್ದು ನಡೆದರೆ ಹೋಗಿ ಹೇಳಿಕೊಳ್ಳಲು ಆಸ್ಪತ್ರೆಯಲ್ಲೇ ಒಬ್ಬರನ್ನು ನೇಮಿಸಿದ್ದಾರೆ. ಬಿಪಿ ಈಗ 124/80. ಮಾತ್ರೆ ಇಲ್ಲ.

ಹಾಗಾಗಿ ತಂಗಿಯರೇ, ಆಫರ್ ಲೆಟರ್ ಬಂದ ತಕ್ಷಣ ಸಂಬಳ ರೂಪಾಯಿಯಲ್ಲಿ ಎಷ್ಟಾಗುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್ ಅಂತ ಇಮೇಲ್‌ನಲ್ಲೇ ಕೇಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಅದು ತಿಂಗಳು ತಿಂಗಳು ಇಳಿಯುತ್ತದಾ, ಕೇಳಿ. ಬಂದ ಮೊದಲ ವಾರವೇ ಯೂನಿಯನ್ ಸೇರಿ. ಒಪ್ಪಂದದ ಇಂಗ್ಲಿಷ್ ಅರ್ಥವಾಗದಿದ್ದರೆ ಹೆಸರು ಮುಚ್ಚಿ ಫೋಟೋ ಕಳಿಸಿ, ಸಹಿ ಹಾಕುವ ಮೊದಲು. ಸಂಜೆ ಡ್ಯೂಟಿ ಮುಗಿದ ಮೇಲೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ.