ರೈಲು ಹಳಿಯಡಿ ಮಾಯವಾಗಿದ್ದ ಹಳ್ಳ

ಮಿರ್ಜಾನ್ ಕಡೆಯ ಹಳ್ಳ ಕೊನೆಗೂ ನೆಟ್ಟಗೆ ಹರಿಯಿತು! ನೆಲದ ಮೇಲೆ ಅದು ಯಾವತ್ತೂ ನೆಟ್ಟಗೇ ಇತ್ತು ಬಿಡಿ, ಸೊಟ್ಟ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ.

ಕುಮಟಾ ತಾಲ್ಲೂಕಿನ ಹಳ್ಳಗಳನ್ನೂ ಅವನ್ನು ದಾಟುವ ರಸ್ತೆ, ಸಂಕ (ಕಿರುಸೇತುವೆ), ಮೋರಿಗಳನ್ನೂ ನಕ್ಷೆಗೆ ಏರಿಸುವ ಕೆಲಸದಲ್ಲಿ ಗುಡ್ಡದ ಭಾಗ ಸರಾಗವಾಗಿ ಮುಗಿದಿತ್ತು. ಕೈಕೊಟ್ಟಿದ್ದು ಬಯಲಿನಲ್ಲಿ. ಟೋಪೋಶೀಟಿನಲ್ಲಿ, ಅಂದರೆ ಸರ್ವೆ ಇಲಾಖೆಯ ಹಳೇ ಕಾಗದದ ನಕ್ಷೆಯಲ್ಲಿ, ಈ ಹೆಸರಿಲ್ಲದ ಹಳ್ಳ ಗುಡ್ಡ ಇಳಿದು ಸೀದಾ ಅಘನಾಶಿನಿ ನದಿಯ ಗಜನಿ (ಉಪ್ಪುನೀರಿನ ಗದ್ದೆ ಬಯಲು) ಸೇರುತ್ತದೆ. ನೆಲದ ಎತ್ತರ ನೋಡಿ ಹರಿವಿನ ಗೆರೆ ಎಳೆಯುವ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲಿ ಮಾತ್ರ ರೈಲು ಹಳಿಯ ಹತ್ತಿರ ಬಂದದ್ದೇ ಬಲಕ್ಕೆ ತಿರುಗಿ, ಹಳಿಯ ಬದಿಗುಂಟ ಹೋಗಿ ಪಕ್ಕದ ಹಳ್ಳಕ್ಕೆ ಬೀಳುತ್ತದೆ. ಎತ್ತರದ ಅಳತೆಯಲ್ಲಿನ ಸುಳ್ಳು ಗುಂಡಿಗಳನ್ನು ತುಂಬುವ ವಿಧಾನ ಬದಲಿಸಿದರೂ ಅದೇ ಹಠ.

ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಸಾಫ್ಟ್‌ವೇರಿಗೆ ಕೊಟ್ಟ ಎಸ್‌ಆರ್‌ಟಿಎಂ, ಅಂದರೆ ಬಾಹ್ಯಾಕಾಶ ನೌಕೆಯಿಂದ ರೇಡಾರಿನಲ್ಲಿ ತೆಗೆದ ನೆಲದ ಎತ್ತರದ ಅಳತೆ, 2000ದ ಫೆಬ್ರವರಿಯದು. ಅಂದರೆ ಹಳಿಯ ಮಣ್ಣಿನ ಏರಿ ಡೆಮ್‌ನಲ್ಲಿದೆ (ನೆಲವನ್ನು ಚೌಕಗಳಾಗಿ ಹಂಚಿ ಒಂದೊಂದರ ಎತ್ತರ ಬರೆದ ನಕ್ಷೆ), ನನ್ನ ಹಳೇ ಟೋಪೋಶೀಟಿನಲ್ಲಿಲ್ಲ. 30 ಮೀಟರಿನ ಚೌಕದಲ್ಲಿ ಏರಿ ಕಾಣುತ್ತದೆ, ಅದರ ಹೊಟ್ಟೆಯೊಳಗಿನ ಮೋರಿ ಕಾಣುವುದಿಲ್ಲ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ ಅಂತ ನಾವು ಹೆಮ್ಮೆಪಡುತ್ತೇವೆ. ಈ ಸಾಫ್ಟ್‌ವೇರು ಸದ್ದಿಲ್ಲದೆ ಒಂದು ಕಟ್ಟಿಬಿಟ್ಟಿತ್ತು.

ಸುಮ್ನೆ ಲ್ಯಾಪ್‌ಟಾಪಿನಲ್ಲೇ ಏರಿ ಕೊರೆದು ದಾರಿ ಮಾಡಬಹುದಿತ್ತು. ಆದರೆ ಎಲ್ಲಿ? ಹಳಿ ಹಾಕುವಾಗ ಹಳ್ಳವನ್ನೇ ತಿರುಗಿಸಿರಲೂಬಹುದಲ್ವಾ? ಉಪಗ್ರಹ ಚಿತ್ರದಲ್ಲಿ ಬರೀ ತೆಂಗಿನ ತಲೆಗಳು. ಗದ್ದೆಗೆ ಇಳಿಯಲೇಬೇಕಾಯಿತು.

ಅದಕ್ಕೆಂದು ಆನ್‌ಲೈನಿನಲ್ಲಿ ತರಿಸಿದ ಗಂಬೂಟು ಎರಡೂ ಎಡಗಾಲಿನವು. ವಾಪಸ್ ಕಳಿಸಿದರೆ ಸರಿಯಾದ ಜೋಡಿ ಬಂತು, ಮಕ್ಕಳ ಅಳತೆಯದು. ನಕ್ಷೆ ಮುದ್ರಿಸಿದ ಅಂಗಡಿಯವನದು ಇನ್ನೊಂದು ಉಪಕಾರ: "ಹಾಳೆಗೆ ಹೊಂದಿಸಿ ಕೊಟ್ಟಿದ್ದೇನೆ ಸಾರ್." ಸ್ಕೇಲ್ ಹಾಳು! ಚಪ್ಪಲಿಯಲ್ಲೇ ಹೊರಟೆ.

ಕೇದಗೆ ಪೊದೆಯ ಹಿಂದೆ ಸಿಮೆಂಟ್ ಪೈಪಿನ ಮೋರಿ ಸಿಕ್ಕಿತು. ಮೇಲರ್ಧ ಪಾಚಿ ಹಿಡಿದು ಕಪ್ಪಾಗಿತ್ತು. ಕೆಳಗರ್ಧಕ್ಕೆ ಉಗುರಿನಷ್ಟು ದೊಡ್ಡ ಚಿಪ್ಪುಗಳು ಒತ್ತೊತ್ತಾಗಿ ಅಂಟಿದ್ದವು, ಕೈ ಇಟ್ಟರೆ ಕೊಯ್ಯುವಷ್ಟು ಚೂಪು. ತೆಂಗಿನ ಸಿಪ್ಪೆಯೊಂದನ್ನು ಗುಡ್ಡದ ಕಡೆಯ ಬಾಯಿಗೆ ಎಸೆದೆ. ಒಳಗೆ ಹೋಗಲೇ ಇಲ್ಲ, ತೇಲಿಕೊಂಡು ನನ್ನ ಕಡೆಗೇ ಬಂತು. ಹಳ್ಳ ಗುಡ್ಡ ಹತ್ತುತ್ತಿತ್ತು!

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದವರು ನೋಡಿ ನಕ್ಕರು. "ಉಬ್ಬರಕ್ಕೆ ಮೇಲೆ ಹೋಗ್ತದೆ, ಇಳಿತಕ್ಕೆ ಕೆಳಗೆ ಬರ್ತದೆ ಮಾರಾಯ್ರೇ. ನಿಮಗೆ ಯಾವುದು ಬೇಕು?"

ಇಳಿತದವರೆಗೆ ಕಾದು ಮತ್ತೆ ಎಸೆದೆ. ಆಚೆ ನಿಂತಿದ್ದ ತಮ್ಮನ ಕಾಲಬುಡಕ್ಕೆ ಸಿಪ್ಪೆ ಬಂತು. ಮನೆಗೆ ಬಂದು ಮೋರಿಯ ಜಾಗದಲ್ಲಿ ಗೆರೆ ಎಳೆದು, ಅಷ್ಟೇ ಚೌಕಗಳ ಎತ್ತರ ಇಳಿಸಿ ಹರಿವು ಓಡಿಸಿದೆ. ಬಲಕ್ಕೆ ತಿರುಗುತ್ತಿದ್ದ ಗೆರೆ ಮಾಯ. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹರಿವಿನ ದಿಕ್ಕನ್ನು ಇಳಿತಕ್ಕೆ ಇಟ್ಟು, ಉಬ್ಬರ ಬರುತ್ತದೆ ಅಂತ ಟ್ಯಾಗ್ ಹಾಕಿದ್ದೇನೆ. ಬಯಲಲ್ಲಿ ಇಳಿಜಾರನ್ನು ನಂಬಿ ಬಾಣ ಹಾಕುವವರು ಚಿಪ್ಪು ಎಲ್ಲಿಯವರೆಗೆ ಅಂಟಿದೆ ನೋಡಿ, ಉಬ್ಬರ ಬರುವ ಗುರುತು ಅದು, ಜಾಸ್ತಿ ಖರ್ಚಿಲ್ಲ.

ಈ ನಡುವೆ ತಲೆಗೆ ಹುಳ ಬಿಟ್ಟುಕೊಂಡಿದ್ದೇನೆ: ಸಿದ್ದಾಪುರ, ಶಿರಸಿ ಕಡೆಯ ಕಾಲುಸಂಕಗಳು. ಅಡಿಕೆ ಮರ ಜೋಡಿಸಿ ಕಟ್ಟಿದ್ದು ಒಂದು ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ, ಕೆಲವೊಮ್ಮೆ ನಾಲ್ಕು ಮಾರು ಆಚೆಗೆ. ಇಂಥದ್ದನ್ನು ಯಾರಾದರೂ ನಕ್ಷೆಗೆ ಹಾಕಿದ್ದೀರಾ? ಹಳೆಯದನ್ನು ಅಳಿಸುತ್ತೀರೋ, ತಾರೀಕು ಹಾಕಿ ಉಳಿಸುತ್ತೀರೋ?

ಅದಕ್ಕೂ ಮೊದಲು ಹೆದ್ದಾರಿ 66 ಇದೆ. ಎಸ್‌ಆರ್‌ಟಿಎಂ ಕಾಲಕ್ಕೆ ಈ ನಾಲ್ಕು ಪಥವೇ ಇರಲಿಲ್ಲ, ಹಾಗಾಗಿ ಅಲ್ಲಿ ತೊಂದರೆ ತಿರುಗಾಮುರುಗಾ: ಏರಿ ನೆಲದ ಮೇಲಿದೆ, ಡೆಮ್‌ನಲ್ಲಿಲ್ಲ. ಕಾಲಿಗೆ ಹೊಂದುವ ಗಂಬೂಟು ಮಾರುವ ಅಂಗಡಿ ಗೊತ್ತಿದ್ದರೆ ಹೇಳಿ.