ಬಿತ್ತನೆ ಗೆಡ್ಡೆಯ ಶೆಡ್ಡಿನಲ್ಲಿ ಕಲಿತ ಸಿನಿಮಾ

ಈ ಸಂಚಿಕೆ ತರುತ್ತಿರುವ ಹಾಸನದ ನಮ್ಮ ಮಹಿಳಾ ಕಾಲೇಜಿನಲ್ಲಿ ನಾನು ಬಿ.ಎ. ಓದಿದ್ದು 2002ರಿಂದ 2005ರವರೆಗೆ. ಐಚ್ಛಿಕ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ನನ್ನ ವಿಷಯಗಳಾಗಿದ್ದವು. ಸಿನಿಮಾ ಯಾವ ಪಠ್ಯದಲ್ಲೂ ಇರಲಿಲ್ಲ. ಆದರೂ ಇಂದು ನಾನು ಸಾಕ್ಷ್ಯಚಿತ್ರಗಳಿಗೆ ಧ್ವನಿಗ್ರಹಣ ಮಾಡಿಕೊಂಡು ಜೀವನ ನಡೆಸುತ್ತಿರುವುದಕ್ಕೆ ಕಾರಣ, ಕನ್ನಡ ವಿಭಾಗದ ಮೇಡಂ ಒಬ್ಬರು ನಡೆಸುತ್ತಿದ್ದ ಚಿತ್ರ ಸಮಾಜ ಮತ್ತು ಆ ಸಮಾಜಕ್ಕೆ ಅವರು ಬೆಂಗಳೂರಿನಿಂದ ಕರೆಸಿದ ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕಿ. ಇಬ್ಬರೂ ತಮ್ಮ ಹೆಸರು ಅಚ್ಚಾಗುವುದನ್ನು ಇಷ್ಟಪಡುವವರಲ್ಲ. ಆದ್ದರಿಂದ ಮೊದಲನೆಯವರನ್ನು ಕನ್ನಡ ಮೇಡಂ ಎಂದೂ, ಎರಡನೆಯವರನ್ನು ನಾವು ಆಗ ಕರೆಯುತ್ತಿದ್ದಂತೆಯೇ ಡೈರೆಕ್ಟರ್ ಮೇಡಂ ಎಂದೂ ಇಲ್ಲಿ ಬರೆಯುತ್ತೇನೆ.

ಚಿತ್ರ ಸಮಾಜವೆಂದರೆ ದೊಡ್ಡ ಏರ್ಪಾಟೇನೂ ಅಲ್ಲ. ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಗ್ರಂಥಾಲಯದ ಪಕ್ಕದ ಕೊಠಡಿಯ ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿ, ಕಾಲೇಜಿನ ಟೀವಿಗೆ ವಿಸಿಡಿ ಪ್ಲೇಯರ್ ಜೋಡಿಸಿ, ಅರಕಲಗೂಡು, ಆಲೂರು, ಸಕಲೇಶಪುರದ ಬಸ್ಸು ಹಿಡಿಯಬೇಕಾದವರು ಹೊರಡುವುದರೊಳಗೆ ಒಂದು ಚಿತ್ರ ಮುಗಿಸಬೇಕಾಗಿತ್ತು. ಕನ್ನಡ ಮೇಡಂ ಅವರದು ಒಂದೇ ಕಟ್ಟುಪಾಡು: ಚಿತ್ರ ಮುಗಿದು ಹೆಸರುಗಳು ಬರತೊಡಗಿದಾಗ ಯಾರೂ ಏಳಕೂಡದು. ಆ ಹೆಸರುಗಳಲ್ಲಿ ಹೆಂಗಸರ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ನಾವು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕಾಗಿತ್ತು. ಪಾತ್ರವರ್ಗದಲ್ಲಿ ಸಿಗುತ್ತಿದ್ದವು, ಹಿನ್ನೆಲೆ ಗಾಯನದಲ್ಲಿ ಸಿಗುತ್ತಿದ್ದವು, ಕೇಶಾಲಂಕಾರದಲ್ಲಿ ಒಂದೊಂದು ಸಿಗುತ್ತಿತ್ತು. ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ಎಂಬ ಸಾಲುಗಳ ಮುಂದೆ ನಮ್ಮ ಪುಸ್ತಕ ಖಾಲಿ ಉಳಿಯುತ್ತಿತ್ತು.

‘ಫಣಿಯಮ್ಮ’ ನೋಡಿದ ದಿನ ನಿರ್ದೇಶನದ ಸಾಲಿನ ಮುಂದೆ ಗುರುತು ಬಿತ್ತು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದ ಚಿತ್ರ ಅದು. ರಂಗಭೂಮಿಯಲ್ಲಿ ಪಳಗಿ, ಬೇರೆಯವರ ಚಿತ್ರಗಳಿಗೆ ವಸ್ತ್ರವಿನ್ಯಾಸ ಮಾಡುತ್ತ ಸಿನಿಮಾದ ಒಳಗನ್ನು ನೋಡಿದ ಮೇಲೆ ಅವರು ನಿರ್ದೇಶನಕ್ಕೆ ಕೈಹಾಕಿದರು ಎಂಬುದನ್ನು ಕನ್ನಡ ಮೇಡಂ ಒತ್ತಿ ಹೇಳಿದ್ದರು. ಭಾರತದಲ್ಲಿ ಮಹಿಳೆಯೊಬ್ಬರು ಚಿತ್ರ ನಿರ್ದೇಶಿಸಿದ್ದು 1926ರಷ್ಟು ಹಿಂದೆ, ಫಾತ್ಮಾ ಬೇಗಂ ಅವರಿಂದ. ಅಲ್ಲಿಂದ ಎಷ್ಟೋ ದಶಕ ಕಳೆದ ಮೇಲೆ, 1985ರಲ್ಲಿ, ನಮ್ಮ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ತಮಿಳಿನಲ್ಲಿ ಸ್ವತಂತ್ರ ಛಾಯಾಗ್ರಾಹಕಿಯಾದರು. ಅದಕ್ಕೂ ಮೊದಲು ಅವರು ಅಶೋಕ್ ಕುಮಾರ್ ಅವರ ಕೈಕೆಳಗೆ ಸಹಾಯಕಿಯಾಗಿ ದುಡಿದಿದ್ದರು. ಈ ಹೆಸರುಗಳನ್ನು ನಾವು ಸಾಮಾನ್ಯಜ್ಞಾನದ ಪ್ರಶ್ನೋತ್ತರದಂತೆ ಉರುಹೊಡೆಯುವುದು ಮೇಡಂಗೆ ಬೇಡವಾಗಿತ್ತು. ಈಕೆ ಯಾರ ಜೊತೆ ನಿಂತು ಕೆಲಸ ಕಲಿತಳು ಎಂಬುದನ್ನೇ ಅವರು ಪ್ರತಿಸಲವೂ ಕೇಳುತ್ತಿದ್ದರು.

ನಾವು ಕಾಲೇಜಿನಲ್ಲಿದ್ದಾಗಲೇ, 2004ರಲ್ಲಿ, ನಮ್ಮೂರಿನ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಅವರು ‘ಹಸೀನಾ’ ಮಾಡಿದರು. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಬೀದಿಗಳಲ್ಲೇ ಓಡಾಡುವ, ನಮ್ಮ ನ್ಯಾಯಾಲಯದಲ್ಲೇ ವಕೀಲಿ ಮಾಡುವ ಹೆಂಗಸಿನ ಕಥೆ ಸಿನಿಮಾ ಆಗಬಹುದು ಎಂದು ತಿಳಿದಾಗ ನಮಗಾದ ಹಿಗ್ಗನ್ನು, ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಓದುತ್ತಿರುವ ಈಗಿನ ವಿದ್ಯಾರ್ಥಿನಿಯರು ಊಹಿಸಿಕೊಳ್ಳಬಲ್ಲರು.

ಡೈರೆಕ್ಟರ್ ಮೇಡಂ ಬಂದದ್ದು ನಾವು ಎರಡನೆಯ ವರ್ಷ ಮುಗಿಸಿದ ಬೇಸಿಗೆಯಲ್ಲಿ. ಸೋನಿ ಪಿಡಿ-150 ಕ್ಯಾಮೆರಾ, ತುದಿಗೆ ಮೈಕು ಕಟ್ಟುವ ಒಂದು ಉದ್ದನೆಯ ಬೂಮ್ ಕೋಲು, ಅರುವತ್ತು ನಿಮಿಷದ ಮಿನಿ ಡಿವಿ ಟೇಪುಗಳ ಒಂದು ಡಬ್ಬ ಅವರೊಂದಿಗಿದ್ದವು. ಸ್ವಾಗತ ಭಾಷಣ, ಹೂಗುಚ್ಛ ಯಾವುದನ್ನೂ ಒಪ್ಪದೆ ಅವರು ಮೊದಲ ದಿನ ಹೇಳಿದ ಮಾತು ನನಗೆ ಇಂದಿಗೂ ಸರಿಯೆನಿಸುತ್ತದೆ. ಸಿನಿಮಾ ಸೇರಬೇಕೆನ್ನುವ ಹುಡುಗ ಗಾಂಧಿನಗರದ ಹೋಟೆಲುಗಳಲ್ಲಿ ಟೀ ಕುಡಿಯುತ್ತ, ಯಾರದೋ ರೂಮಿನಲ್ಲಿ ಚಾಪೆ ಹಾಕಿಕೊಂಡು ಮಲಗುತ್ತ, ರಾತ್ರಿ ಹನ್ನೊಂದರವರೆಗೆ ಸ್ಟುಡಿಯೋ ಬಾಗಿಲಲ್ಲಿ ನಿಂತು, ಯಾವ ಲೆನ್ಸಿಗೆ ಎಷ್ಟು ಬಾಡಿಗೆ, ಯಾವ ನಿರ್ಮಾಪಕ ದುಡ್ಡು ಕೊಡುವುದಿಲ್ಲ, ಒಪ್ಪಂದದಲ್ಲಿ ಯಾವ ಸಾಲು ಇರಬೇಕು ಎಂಬುದನ್ನೆಲ್ಲ ಯಾರೂ ಕಲಿಸದೆಯೇ ಕಲಿತುಬಿಡುತ್ತಾನೆ. ಹುಡುಗಿಗೆ ಹಾಗೆ ಸುಮ್ಮನೆ ನಿಲ್ಲಲು ಯಾವ ಬಾಗಿಲೂ ಇಲ್ಲ. ಅವಳಿಗೆ ಇದನ್ನೆಲ್ಲ ಗೊತ್ತಿರುವ ಒಬ್ಬಳು ಕೂರಿಸಿಕೊಂಡು ಹೇಳಲೇಬೇಕು. ಮಹಿಳಾ ದಿನಾಚರಣೆಗಳಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಧೈರ್ಯವಾಗಿ ಮುನ್ನುಗ್ಗಿ’ ಎನ್ನುವ ಭಾಷಣಗಳನ್ನು ಈಚಿನ ವರ್ಷಗಳಲ್ಲಿ ನಾನೂ ಸಾಕಷ್ಟು ಕೇಳಿದ್ದೇನೆ. ಧೈರ್ಯ ಹುಡುಗಿಯರಲ್ಲಿ ಮೊದಲಿನಿಂದಲೂ ಇತ್ತು. ಅವರಿಗೆ ಬೇಕಾಗಿದ್ದುದು ಬಾಡಿಗೆಯ ದರಪಟ್ಟಿ.

ನಮ್ಮ ಅಭ್ಯಾಸ ಚಿತ್ರಕ್ಕೆ ವಸ್ತುವನ್ನು ನಾವೇ ಆರಿಸಬೇಕಾಗಿತ್ತು. ಬೇಲೂರು, ಹಳೇಬೀಡಿನ ಶಿಲ್ಪಗಳು, ಮಳೆಗಾಲದಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಚರ್ಚು ಎಂದೆಲ್ಲ ಪಟ್ಟಿ ಮಾಡಿಕೊಂಡು ಹೋದೆವು. ಅವರು ಎಲ್ಲವನ್ನೂ ಕೇಳಿ, ಈ ತಿಂಗಳು ನಿಮ್ಮ ಮನೆಗಳಲ್ಲಿ ಏನು ಕೆಲಸ ನಡೆಯುತ್ತಿದೆ ಎಂದರು. ಅದು ಮೇ ತಿಂಗಳು. ಜಲಂಧರ್ ಕಡೆಯಿಂದ ಬಿತ್ತನೆ ಆಲೂಗೆಡ್ಡೆಯ ಲಾರಿಗಳು ಹಾಸನದ ಎಪಿಎಂಸಿಗೆ ಬಂದು ನಿಂತಿರುವ, ಮುಂಗಾರಿಗೆ ಮೊದಲು ಗೆಡ್ಡೆ ಕತ್ತರಿಸುವ ಸಮಯ. ನಮ್ಮಲ್ಲೊಬ್ಬಳ ಮನೆ ದುದ್ದದ ಕಡೆ ಇತ್ತು. ಹೀಗಾಗಿ ಚಿತ್ರೀಕರಣ ಅವರ ತಗಡಿನ ಶೆಡ್ಡಿನಲ್ಲಿಯೇ ಆಯಿತು.

ಮೊದಲ ದಿನ ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲ. ಬರೀ ಹೆಡ್‌ಫೋನ್ ಹಾಕಿಕೊಂಡು, ಬೂಮ್ ಹಿಡಿದು ಆ ಹೆಂಗಸರ ನಡುವೆ ಕೂರಬೇಕೆಂದು ಅವರು ನನಗೆ ಹೇಳಿದರು. ಮೂಟೆ ಬಿಚ್ಚಿ ಸುರಿದ ಕುಫ್ರಿ ಜ್ಯೋತಿ ತಳಿಯ ಗೆಡ್ಡೆಗಳ ರಾಶಿ, ಸುತ್ತ ಕೂತ ಆರೇಳು ಹೆಣ್ಣಾಳುಗಳು, ಪ್ರತಿಯೊಬ್ಬರ ಕೈಯಲ್ಲೂ ಒಂದು ಸಣ್ಣ ಚೂರಿ. ಗೆಡ್ಡೆಯನ್ನು ಒಮ್ಮೆ ಬೆರಳಲ್ಲೇ ತಿರುಗಿಸಿ, ಪ್ರತಿ ಹೋಳಿಗೂ ಒಂದೆರಡು ಕಣ್ಣಾದರೂ ಉಳಿಯುವಂತೆ ಸೀಳಿ, ಕೊಳೆತದ್ದನ್ನು ಮೂಸಿಯೇ ಪತ್ತೆಹಚ್ಚಿ ಆಚೆಗೆಸೆಯುತ್ತಿದ್ದರು; ಕೊಳೆತದ್ದನ್ನು ಕೊಯ್ದ ಚೂರಿಯನ್ನು ಬೂದಿಗೆ ಒರಸದೆ ಇನ್ನೊಂದು ಗೆಡ್ಡೆಗೆ ಮುಟ್ಟಿಸುತ್ತಿರಲಿಲ್ಲ. ಇದನ್ನೆಲ್ಲ ನಾನು ಚಿಕ್ಕಂದಿನಿಂದ ನೋಡಿದ್ದೆ, ಆದರೆ ಹೆಡ್‌ಫೋನಿನಲ್ಲಿ ಅದು ಬೇರೆಯೇ ಆಗಿ ಕೇಳಿಸಿತು. ಗಟ್ಟಿ ಗೆಡ್ಡೆ ಸೀಳುವಾಗ ಬರುವ ಕಟಕ್ ಎಂಬ ಸದ್ದು, ಒಳಗೆ ಹಾಳಾದ ಗೆಡ್ಡೆಯ ಮಂಕು ಸದ್ದು, ಇವೆರಡರ ವ್ಯತ್ಯಾಸ ಅವರಿಗೆ ಕೈಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಮೈಕಿಗೆ ಹೊದಿಸಿದ್ದ ತುಪ್ಪಳದ ಚೀಲವನ್ನು ನೋಡಿ ಹಿರಿಯಾಕೆಯೊಬ್ಬರು, “ಅದೇನವ್ವ ಅದು, ಕರಡಿ ಬಾಲ ಹಿಡ್ಕಂಡ್ ಕುಂತಂಗೈತೆ?” ಎಂದಾಗ ಎದ್ದ ನಗುವಿನ ನಂತರ ಅವರು ನನ್ನನ್ನು ಮರೆತು ತಮ್ಮ ಮಾತಿಗೆ ಮರಳಿದರು. ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ, ಹಿಂದಿನ ವರ್ಷ ಅಂಗಮಾರಿ ರೋಗ ಬಂದು ಹೊಲ ಕಪ್ಪಾದಾಗ ಕೀಳುವ ಕೆಲಸವೇ ಇಲ್ಲದೆ ಹೋದದ್ದು, ಯಾರದೋ ಮಗಳ ಬಾಣಂತನ, ಎಲ್ಲವೂ ಆ ಟೇಪಿನಲ್ಲಿವೆ. ಹೊರಡುವ ಮುನ್ನ ಎಲ್ಲರೂ ಒಂದು ನಿಮಿಷ ಮಾತು ನಿಲ್ಲಿಸಿರೆಂದು ಕೇಳಿ, ಆ ಶೆಡ್ಡಿನ ಬರೀ ಸದ್ದನ್ನು ಪ್ರತ್ಯೇಕ ಹಿಡಿದಿಟ್ಟುಕೊಂಡೆವು. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಹೊಲಿಗೆ ಕಾಣದಂತೆ ಮಾಡುವುದು ಆ ಒಂದು ನಿಮಿಷ. ಇಂದಿಗೂ ಯಾವ ಜಾಗಕ್ಕೆ ಹೋದರೂ ನಾನು ಅದನ್ನು ಹಿಡಿಯದೆ ಬರುವುದಿಲ್ಲ.

ಆ ಸಂಜೆ ದೊಡ್ಡ ಚರ್ಚೆಯೊಂದು ನಡೆಯಿತು. ಆ ಹೆಂಗಸರಿಗೆ ದುಡ್ಡು ಕೊಡಬೇಕೇ? ಸಾಕ್ಷ್ಯಚಿತ್ರದಲ್ಲಿ ಮಾತಾಡಿದ್ದಕ್ಕೆ ಹಣ ಕೊಟ್ಟರೆ ಮಾತು ಬಾಡಿಗೆಯದಾಗುತ್ತದೆ ಎಂದು ನಾವು ಎಲ್ಲೋ ಓದಿದ್ದೆವು. ಡೈರೆಕ್ಟರ್ ಮೇಡಂ ತಮ್ಮ ಲೆಕ್ಕದ ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ ಟೇಪು, ಬ್ಯಾಟರಿ, ಬಸ್ ಚಾರ್ಜು, ಟೀ ಎಂಬ ಬಾಬ್ತುಗಳ ಜೊತೆಗೆ ‘ನಿಂತ ಕೆಲಸ’ ಎಂಬ ಬಾಬ್ತೊಂದಿತ್ತು. ಮಾತಿಗೆ ಹಣವಿಲ್ಲ, ಆದರೆ ನಮ್ಮ ಒಂದು ನಿಮಿಷದ ಮೌನಕ್ಕಾಗಿ, ಬೆಳಕಿಗಾಗಿ ಜಾಗ ಬದಲಿಸಿದ್ದಕ್ಕಾಗಿ ಅವರ ಕೈ ಎಷ್ಟು ಹೊತ್ತು ನಿಂತಿತೋ ಅಷ್ಟು ಹೊತ್ತಿನ ಕೂಲಿ ಅವರದು, ಅದೂ ಗಂಡಾಳಿನ ದರದಲ್ಲಿ. ಆ ಬಾಬ್ತು ಸರಿಯೇ ತಪ್ಪೇ ಎಂದು ಈ ವೃತ್ತಿಯಲ್ಲಿ ಇಂದಿಗೂ ವಾದ ಮಾಡುವವರಿದ್ದಾರೆ. ನನ್ನ ಲೆಕ್ಕದ ಪುಸ್ತಕದಲ್ಲಿ ಅದು ಈಗಲೂ ಇದೆ.

ನಮ್ಮ ಮನೆಗಳ ಒಪ್ಪಿಗೆಯ ವಿಷಯಕ್ಕೂ ಅವರದು ಇದೇ ಬಗೆಯ ಲೆಕ್ಕಾಚಾರ. ಅರಕಲಗೂಡಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ನನ್ನ ತಂದೆಯವರಿಗೆ ಅವರು ಸ್ತ್ರೀಸ್ವಾತಂತ್ರ್ಯದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಎಷ್ಟು ಗಂಟೆಗೆ ಹೊರಡುವುದು, ಯಾವ ಬಸ್ಸು, ಜೊತೆಯಲ್ಲಿ ಯಾರು, ಊಟ ಎಲ್ಲಿ, ಯಾವ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಬಹುದು, ವಾಪಸು ಬರುವುದು ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅಪ್ಪ ಅದನ್ನು ತಕ್ಕಡಿಯ ಪಕ್ಕದ ಮೊಳೆಗೆ ಸಿಕ್ಕಿಸಿಕೊಂಡರು. ಬೆಂಗಳೂರಿಗೆ ಹೋಗಿ ವೃತ್ತಿಪರ ತಂಡಗಳೊಂದಿಗೆ ದುಡಿಯತೊಡಗಿದಾಗ ದಿನವೂ ನನ್ನ ಕೈಗೆ ಬರುತ್ತಿದ್ದ ಕಾಲ್‌ಶೀಟು ಹೆಚ್ಚುಕಡಿಮೆ ಅದೇ ಹಾಳೆ.

ಚಿತ್ರದ ಕೊನೆಯಲ್ಲಿ ಹೆಸರು ಹಾಕುವಾಗ ನಿಜವಾಗಿ ಕ್ಯಾಮೆರಾ ಹಿಡಿದವಳ ಹೆಸರು ಛಾಯಾಗ್ರಹಣಕ್ಕೆ, ನನ್ನ ಹೆಸರು ಧ್ವನಿಗೆ ಬಂತು. ಗೆಡ್ಡೆ ಕತ್ತರಿಸಿದ ಪ್ರತಿಯೊಬ್ಬ ಹೆಂಗಸಿನ ಪೂರ್ತಿ ಹೆಸರೂ ಬಂತು. ತಮ್ಮ ಹೆಸರನ್ನು ಡೈರೆಕ್ಟರ್ ಮೇಡಂ ಕೃತಜ್ಞತೆಯ ಸಾಲಿಗೆ ಸೇರಿಸಿಕೊಂಡರು. ಇದು ಸಣ್ಣ ವಿಷಯವೆಂದು ಕಾಣಬಹುದು. ಮುಂದೆ ಬೆಂಗಳೂರಿನಲ್ಲಿ ನಾನು ಇಡೀ ಮಳೆಗಾಲ ಬೂಮ್ ಹಿಡಿದು ನಿಂತ ಚಿತ್ರವೊಂದು ಪ್ರದರ್ಶನಗೊಂಡಾಗ, ಧ್ವನಿ ವಿಭಾಗದಲ್ಲಿ ನನ್ನ ಹೆಸರೊಂದನ್ನು ಬಿಟ್ಟು ಉಳಿದವರೆಲ್ಲರ ಹೆಸರೂ ಇದ್ದವು. ಮುಂದಿನ ಕೆಲಸ ಕೇಳಲು ಹೋದಾಗ ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಅಂದಿನಿಂದ ಹೆಸರಿನ ಸಾಲನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳುತ್ತೇನೆ, ನನ್ನ ಸಹಾಯಕಿಯರಿಗೂ ಬರೆಸಿಕೊಡುತ್ತೇನೆ.

ಡೈರೆಕ್ಟರ್ ಮೇಡಂ ನಮಗೆ ಯುಗಾಂತರ್ ಎಂಬ ತಂಡದ ಬಗ್ಗೆ ಹೇಳಿದ್ದರು. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್ ಮತ್ತು ಸಂಗಡಿಗರು ಕಟ್ಟಿದ ಆ ತಂಡ, ನಮ್ಮದೇ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘ ಕಟ್ಟಿದ ಕಥೆಯನ್ನು ಅವರೊಂದಿಗೇ ಕೂತು ಚರ್ಚಿಸಿ ಚಿತ್ರ ಮಾಡಿತ್ತು. ಎಷ್ಟೋ ವರ್ಷಗಳ ನಂತರ, ಪ್ರತಿಗಳು ದುರಸ್ತಿಯಾಗಿ ಹೊರಬಂದ ಮೇಲೆ ಅದನ್ನು ನೋಡಿದಾಗ, ‘ನಿಂತ ಕೆಲಸ’ದಂಥ ಬಾಬ್ತಿನ ಹಿಂದೆ ಯಾವ ಪರಂಪರೆಯಿದೆ ಎಂಬುದು ನನಗೆ ಅರ್ಥವಾಯಿತು.

ಈಗ ನಾನೂ ಕೆಲವು ಗೆಳತಿಯರೂ ಹಾಸನ, ಚಿಕ್ಕಮಗಳೂರು ಭಾಗದ ಹುಡುಗಿಯರಿಗೆ ಆಗಾಗ ಕಾರ್ಯಾಗಾರ ನಡೆಸುತ್ತೇವೆ. ಸಲಕರಣೆಯ ಸಮಸ್ಯೆ ಬಹಳಷ್ಟು ಕರಗಿದೆ. ಅವರ ಫೋನಿನ ಚಿತ್ರ ನಮ್ಮ ಪಿಡಿ-150ಗಿಂತ ಎಷ್ಟೋ ಸ್ಪಷ್ಟ. ಧ್ವನಿ ಮಾತ್ರ ಇನ್ನೂ ಕೆಟ್ಟದಾಗಿಯೇ ಇರುತ್ತದೆ, ಏಕೆಂದರೆ ಯಾರಿಗೂ ಅದು ಬೇಡ (ಬೂಮ್ ಹಿಡಿದವಳ ಸೆಲ್ಫಿ ಚೆನ್ನಾಗಿ ಬರುವುದಿಲ್ಲವೆಂಬುದೂ ಒಂದು ಕಾರಣವಿರಬೇಕು). ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯಾದ ಛಯ್‌ಗಾಂವ್‌ನ ಮಕ್ಕಳನ್ನೇ ಇಟ್ಟುಕೊಂಡು, ತಾವೇ ಬರೆದು, ತಾವೇ ಚಿತ್ರೀಕರಿಸಿ, ತಾವೇ ಸಂಕಲನ ಮಾಡಿದ ಚಿತ್ರಕ್ಕೆ 2018ರಲ್ಲಿ ರಾಷ್ಟ್ರದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂದದ್ದನ್ನು ಹೇಳಿದರೆ ಹುಡುಗಿಯರ ಕಣ್ಣು ಅರಳುತ್ತವೆ. 2024ರಲ್ಲಿ ಪಾಯಲ್ ಕಪಾಡಿಯಾ ಅವರಿಗೆ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ ಬಂದ ಸುದ್ದಿ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಆದರೆ ಒಬ್ಬಳೇ ಎಲ್ಲವನ್ನೂ ಮಾಡಿದಳೆಂಬ ಕಥೆಯನ್ನು ನಾನು ಸ್ವಲ್ಪ ಎಚ್ಚರದಿಂದಲೇ ಹೇಳುತ್ತೇನೆ. ದುಡ್ಡಿಲ್ಲದ ಹುಡುಗಿಯಿಂದ ಐದು ಜನರ ಕೆಲಸವನ್ನು ಸಂಬಳವಿಲ್ಲದೆ ಮಾಡಿಸಿಕೊಳ್ಳಲು ಅದು ಬೇರೆಯವರಿಗೆ ನೆಪವಾಗಬಾರದು.

ಆದ್ದರಿಂದ ಒಂದು ಇಡೀ ಮಧ್ಯಾಹ್ನ ಕಾಗದಪತ್ರಗಳಿಗೇ ಮೀಸಲು. ಕೇರಳದ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳಾ ನಿರ್ದೇಶಕಿಯರಿಗಾಗಿಯೇ ಚಿತ್ರವೊಂದಕ್ಕೆ 1.5 ಕೋಟಿ ರೂಪಾಯಿವರೆಗೆ ಹಣ ಒದಗಿಸುವ ಯೋಜನೆ ತಂದದ್ದನ್ನು ಚರ್ಚಿಸುತ್ತೇವೆ. ಅಂಥದು ನಮ್ಮಲ್ಲೂ ಬಂದರೆ ಅರ್ಜಿ ಹಾಕಲು ನಮ್ಮ ಹುಡುಗಿಯರ ಚಿತ್ರಕಥೆ, ಅಂದಾಜು ವೆಚ್ಚ ಎರಡೂ ತಯಾರಿರಬೇಕೆಂಬುದು ನನ್ನ ಹಟ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನನ್ನೂ ಓದಿಸುತ್ತೇವೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು ಎಂಬುದು ಬಹಳ ಜನರಿಗೆ ಗೊತ್ತು. ಆರೇಳು ಜನರ ಸ್ವತಂತ್ರ ಚಿತ್ರತಂಡದಲ್ಲಿ ತೊಂದರೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮಲಯಾಳಂ ಚಿತ್ರರಂಗದ ಹೆಂಗಸರು 2017ರಲ್ಲಿ ತಮ್ಮದೇ ಸಂಘಟನೆ ಕಟ್ಟಿ ಒತ್ತಾಯಿಸಿದ್ದರಿಂದಲೇ ಅಲ್ಲಿನ ಹೆಂಗಸರ ಕೆಲಸದ ಸ್ಥಿತಿಗತಿ ಪರಿಶೀಲಿಸುವ ಹೇಮಾ ಸಮಿತಿ ರಚನೆಯಾಯಿತು, ಅದರ ವರದಿ ಜನರ ಕೈಗೆ ಸಿಕ್ಕಿದ್ದು 2024ರಲ್ಲಿ. ಅಷ್ಟು ವರ್ಷ ಕಾಯಲಾಗದವಳಿಗೆ ಸಮಿತಿಯ ವಿಳಾಸವಾದರೂ ಗೊತ್ತಿರಬೇಕಲ್ಲ.

ಸಂಚಿಕೆಯ ಸಂಪಾದಕ ಮಂಡಲಿಯವರು ಕಾಲೇಜಿಗೆ ಹಳೆಯ ವಿದ್ಯಾರ್ಥಿನಿಯರಿಂದ ಏನು ಬೇಕೆಂದು ಕೇಳಿದ್ದಾರೆ. ನಾವು ಕೆಲವರು ಸೇರಿ ಎರಡು ಕಾಲರ್ ಮೈಕು, ಒಂದು ರೆಕಾರ್ಡರ್, ಒಂದು ಜೊತೆ ಒಳ್ಳೆಯ ಹೆಡ್‌ಫೋನ್ ಕೊಡಿಸುತ್ತೇವೆ. ಒಂದೇ ಷರತ್ತು: ಅವು ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ ಪಾರಿತೋಷಕಗಳ ಪಕ್ಕ ಕೂರಬಾರದು. ಅವನ್ನಿಡುವ ಬೀರುವಿನ ಬೀಗದ ಕೈ ಚಿತ್ರ ಸಮಾಜದ ವಿದ್ಯಾರ್ಥಿನಿಯರ ಬಳಿಯೇ ಇರಲಿ. ಜೊತೆಗೊಂದು ರಿಜಿಸ್ಟರ್ ಇರಲಿ. ಅದರಲ್ಲಿ ಒಯ್ದವಳ ಸಹಿ, ಹಿಂದಿರುಗಿಸಿದ ವೇಳೆ, ಬ್ಯಾಟರಿ ಚಾರ್ಜ್ ಆಗಿದೆಯೇ ಇಲ್ಲವೇ ಎಂಬುದು, ಏನಾದರೂ ಮುರಿದಿದ್ದರೆ ಅದನ್ನು ಮುಚ್ಚಿಡದೆ ಬರೆಯಲು ಒಂದು ಅಗಲವಾದ ಅಂಕಣ ಇವಿಷ್ಟಿದ್ದರೆ ಸಾಕು. ರಿಪೇರಿಯ ಖರ್ಚು ನಮ್ಮದು.