ಕಂದಹಾರ್ ರಸ್ತೆಯ ರಸೀದಿ

ಕಂದಹಾರ್ ಪಕ್ಕದ ಚಿಲ್‌ಜಿನಾ ಬೆಟ್ಟದಲ್ಲಿ 1958ರಲ್ಲಿ ಅಶೋಕನ ಶಾಸನ ಸಿಕ್ಕಿತ್ತು, ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ. ಮಸ್ಕಿಯ ಶಾಸನ ನೋಡಿದ್ದವನಿಗೆ ಅಶೋಕನ ರಾಜ್ಯದ ಆ ತುದಿಯನ್ನೂ ನೋಡುವ ಹುಚ್ಚು. ಹಾಗಾಗಿ 2023ರ ಅಕ್ಟೋಬರ್‌ನ ಒಂದು ನಸುಕಿನಲ್ಲಿ, ಒಂದೊಂದು ಪ್ರಾಂತ್ಯಕ್ಕೂ ಬೇಕಾದ ತಾಲಿಬಾನ್ ಸರ್ಕಾರದ ಅನುಮತಿ ಪತ್ರಗಳನ್ನು ಜೇಬಿಗೆ ತುರುಕಿಕೊಂಡು, ಕಾಬೂಲ್‌ನ ಪಶ್ಚಿಮದಂಚಿನಲ್ಲಿ ಕೊರೊಲಾ ಕಾರೊಂದರ ಮುಂದಿನ ಸೀಟು ಹಿಡಿದೆ.

ಡ್ರೈವರ್‌ಗೆ ಐವತ್ತು ದಾಟಿತ್ತು. ನಿರಾಶ್ರಿತನಾಗಿ ಪಾಕಿಸ್ತಾನದಲ್ಲಿ ಬೆಳೆದವನು, ಉರ್ದು ಸಲೀಸು. ನನ್ನ ಹರಕು ಹಿಂದಿಗೆ ಅಷ್ಟು ಸಾಕಾಯಿತು. ಕಾರಿಗೆ ಮುಂಚೆ ಹದಿನೈದು ವರ್ಷ ಇದೇ ದಾರಿಯಲ್ಲಿ ಲಾರಿ ಓಡಿಸಿದ್ದನಂತೆ.

ಸುಮಾರು 480 ಕಿಲೋಮೀಟರ್ ದಾರಿ. ಬಹುಪಾಲು ಅಮೆರಿಕದ ದುಡ್ಡಿನಲ್ಲಿ ಡಾಂಬರು ಕಂಡು, 2003ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಹಮೀದ್ ಕರ್ಜೈ ಉದ್ಘಾಟಿಸಿದ ಹೆದ್ದಾರಿ. ವರ್ದಕ್ ಪ್ರಾಂತ್ಯದ ಸೈದಾಬಾದ್ ಬರುವ ಹೊತ್ತಿಗೆ ಡಾಂಬರು ಅಲ್ಲಲ್ಲಿ ನೆನಪಿಗಷ್ಟೇ ಉಳಿದಿತ್ತು. ಮೋರಿ ಬಂದಾಗಲೆಲ್ಲ ಕಾರು ರಸ್ತೆಯಿಂದಿಳಿದು ಧೂಳಿನಲ್ಲಿ ಸುತ್ತು ಹಾಕಿ ಮತ್ತೆ ಹತ್ತುತ್ತಿತ್ತು. ಯುದ್ಧದ ವರ್ಷಗಳಲ್ಲಿ ತಾಲಿಬಾನ್ ಬಾಂಬು ಹುಗಿಯುತ್ತಿದ್ದುದು ಮೋರಿಗಳ ಅಡಿಯಲ್ಲಿ. ಲಾರಿಗಳು ಸುತ್ತು ಹಾಕಲು ನಿಧಾನಿಸಿದರೆ ಪಕ್ಕದ ಸೇಬಿನ ತೋಟಗಳಿಂದ ಗುಂಡು.

"2001ರಲ್ಲಿ ಓಡಿಹೋಗಿದ್ದ ತಾಲಿಬಾನಿಗಳು ಮತ್ತೆ ಬಂದದ್ದು ಹೇಗೆ?" ಎಂದು ಕೇಳಿದೆ.

"ಹೋಗಿದ್ದು ಯಾರು, ಭಾಯ್? ದೊಡ್ಡವರು ಪಾಕಿಸ್ತಾನದ ಕ್ವೆಟ್ಟಾಕ್ಕೆ ಹೋದರು. ಉಳಿದವರು ಬಂದೂಕು ಮುಚ್ಚಿಟ್ಟು ದ್ರಾಕ್ಷಿ ಬಳ್ಳಿ ಸವರುತ್ತಾ ಕೂತರು."

2001ರ ಡಿಸೆಂಬರ್‌ನಲ್ಲಿ ಕಂದಹಾರ್ ಕೈಬಿಟ್ಟಾಗ ತಾಲಿಬಾನ್ ಮುಗಿದೇಹೋಯಿತೆಂದು ಹೊರಗಿನ ಜಗತ್ತು ನಂಬಿತ್ತು. ಅದೇ ತಿಂಗಳು ಜರ್ಮನಿಯ ಬಾನ್ ನಗರದಲ್ಲಿ ಹೊಸ ಸರ್ಕಾರದ ರೂಪ ನಿರ್ಧಾರವಾದಾಗ ಸೋತವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಶರಣಾಗುತ್ತೇವೆ, ಮನೆಯಲ್ಲಿರಲು ಬಿಡಿ ಎಂದು ಕರ್ಜೈ ಬಳಿ ಬಂದವರಿದ್ದರು. ತಾಲಿಬಾನ್ ಮುಖ್ಯಸ್ಥ ಮುಲ್ಲಾ ಓಮರ್ ಜೊತೆ ರಾಜಿಯೇ ಇಲ್ಲವೆಂದರು ಅಮೆರಿಕದ ರಕ್ಷಣಾ ಸಚಿವ ರಮ್ಸ್‌ಫೆಲ್ಡ್. ಆಮೇಲೆ 2003ರಲ್ಲಿ ಅಮೆರಿಕದ ಗಮನವೆಲ್ಲ ಇರಾಕ್ ಕಡೆ ಹೊರಳಿತು. ಅಂತರರಾಷ್ಟ್ರೀಯ ಭದ್ರತಾ ಪಡೆ ಆ ವರ್ಷದ ಅಕ್ಟೋಬರ್‌ವರೆಗೂ ಕಾಬೂಲ್ ಬಿಟ್ಟು ಆಚೆ ಹೋಗುವಂತಿರಲಿಲ್ಲ. ಹಳ್ಳಿಗಳು ಸಿಕ್ಕಿದ್ದು ಹಳೆಯ ದಳಪತಿಗಳ ಕೈಗೆ. ಜಮೀನಿನ ವ್ಯಾಜ್ಯವಿದ್ದವನನ್ನು ತಾಲಿಬ್ ಎಂದು ಅಮೆರಿಕನ್ನರ ಕಿವಿಗೆ ಊದಿದರೆ ಆಯಿತು, ಆ ರಾತ್ರಿ ಅವನ ಬಾಗಿಲು ಒಡೆಯುತ್ತಿತ್ತು. ಒಡೆದ ಬಾಗಿಲ ಮನೆಯ ಹುಡುಗರು ಬೆಳೆದು ಎಲ್ಲಿಗೆ ಹೋದರೆಂದು ಡ್ರೈವರ್ ಹೇಳಲಿಲ್ಲ, ನಾನೂ ಕೇಳಲಿಲ್ಲ. 2006ರಲ್ಲಿ ನೇಟೋ ಪಡೆಗಳು ದಕ್ಷಿಣಕ್ಕಿಳಿದಾಗ ಕಂದಹಾರ್ ಮಗ್ಗುಲಿನ ಪಂಜ್ವಾಯಿಯಲ್ಲಿ ಅವರಿಗೆ ಎದುರಾದದ್ದು ನೇರ ಯುದ್ಧವೇ.

ಘಜ್ನಿಯಲ್ಲಿ ಎರಡು ಹಳೆಯ ಮಿನಾರುಗಳನ್ನು ಕಾರಿನಿಂದಲೇ ನೋಡಿದ್ದಾಯಿತು. ನಿಲ್ಲಿಸು ಎಂದರೆ ಹಿಂದಿನ ಸೀಟಿನವರು ಗೊಣಗಿದರು.

ಝಾಬುಲ್ ಪ್ರಾಂತ್ಯದ ಕಲಾತ್‌ನಲ್ಲಿ, ಮಣ್ಣಿನ ಕೋಟೆ ಕಾಣುವ ಹೋಟೆಲಿನಲ್ಲಿ, ಹಸಿರು ಚಹಾ ಕುಡಿಯುತ್ತಾ ಡ್ರೈವರ್ ಗಾಡಿ ಕಾಗದಗಳ ಚೀಲದಿಂದ ಮಡಿಕೆ ಬಿದ್ದ ಚೀಟಿಯೊಂದನ್ನು ತೆಗೆದ. ಲಾರಿಯ ಕಾಲದ ತಾಲಿಬಾನ್ ರಸೀದಿ, ಮೊಹರಿನ ಸಮೇತ. "ಆಗಿನ ಸರ್ಕಾರದ ಪೊಲೀಸರು ಒಂದೊಂದು ನಾಕಾದಲ್ಲೂ ಕೈಚಾಚುತ್ತಿದ್ದರು. ಇವರು ಒಂದೇ ಸಲ ವಸೂಲಿ ಮಾಡಿ ಇದನ್ನು ಕೊಡುತ್ತಿದ್ದರು. ಮುಂದೆ ಇನ್ನೊಬ್ಬ ತಾಲಿಬ್ ತಡೆದರೆ ಇದನ್ನು ತೋರಿಸಿದರೆ ಮುಗಿಯಿತು."

ನೀರಿನ ಪಾಲಿನ ಜಗಳಕ್ಕೆ ಅವನ ಅಣ್ಣ ಕಲಾತ್‌ನ ಸರ್ಕಾರಿ ಕೋರ್ಟಿಗೆ ಎರಡು ವರ್ಷ ಅಲೆದು, ಲಂಚಕ್ಕೆ ಕುರಿ ಮಾರಿದ್ದನಂತೆ. ಕೊನೆಗೆ ರಾತ್ರಿ ಬೆಟ್ಟ ದಾಟಿ ತಾಲಿಬಾನ್ ಖಾಜಿಯ ಬಳಿ ಹೋದ. ಮೂರು ಕೂಟಗಳಲ್ಲಿ ತೀರ್ಪು. ಎದುರು ಪಕ್ಷದವನು ಸೋತರೂ ಸುಮ್ಮನಾದ, ಯಾಕೆಂದರೆ ಅದನ್ನು ಮೀರಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸೇನಾ ನಕ್ಷೆಗಳಲ್ಲಿ ಜಿಲ್ಲೆಗಳು ಕೈಬದಲಾಗುವ ಎಷ್ಟೋ ಮೊದಲೇ ಇಂಥ ಪಂಚಾಯಿತಿಗಳಲ್ಲಿ ಅವು ಕೈಬದಲಾಗಿದ್ದವು ಎನ್ನಿಸಿತು ನನಗೆ. 2010-11ರಲ್ಲಿ ಅಮೆರಿಕದ ಸೈನಿಕರ ಸಂಖ್ಯೆ ಒಂದು ಲಕ್ಷ ಮುಟ್ಟಿತ್ತು. ಅಷ್ಟು ಜನರಲ್ಲಿ ಕಾಲುವೆಯ ನೀರು ಹಂಚಿಕೊಡುವವನು ಒಬ್ಬನೂ ಇರಲಿಲ್ಲ.

ಡ್ರೈವರ್ ತಾಲಿಬಾನ್ ಭಕ್ತ ಎಂದುಕೊಳ್ಳಬೇಡಿ. ಕಲಾತ್ ದಾಟಿದ ಮೇಲೆ ಒಂದು ಮೋರಿಯ ಬಳಿ ಸ್ಟೀರಿಂಗ್‌ನಿಂದ ಕೈ ತೆಗೆದು ಎದೆಗಿಟ್ಟುಕೊಂಡ. ತಂಗಿಯ ಮಗ ಸತ್ತ ಜಾಗ. ಬಾಂಬು ಹುಗಿದದ್ದು ಸೇನೆಯ ಗಾಡಿಗೆ, ಹತ್ತಿದ್ದು ಬಸ್ಸು. ರಾತ್ರೋರಾತ್ರಿ ಮಸೀದಿಯ ಬಾಗಿಲಿಗೆ ಅಂಟಿಸುತ್ತಿದ್ದ ಬೆದರಿಕೆ ಪತ್ರಗಳು, ಶಬ್‌ನಾಮಾಗಳು, ಅವನ ಊರಿಗೂ ಬಂದಿದ್ದವು. ಶಾಲೆಯ ಮೇಷ್ಟ್ರು ಮರುದಿನವೇ ಊರು ಬಿಟ್ಟರಂತೆ.

ಸಂಜೆ, ದಾಳಿಂಬೆಯ ರಾಶಿಗಳು ರಸ್ತೆಯ ಬದಿಗೆ ಕಾಣಿಸತೊಡಗಿದ ಮೇಲೆ, ಕಂದಹಾರ್‌ಗೆ ಮುಂಚಿನ ನಾಕಾ ಬಂತು. ಮೀಸೆ ಚಿಗುರುತ್ತಿದ್ದ ತಾಲಿಬ್ ಹುಡುಗ ನನ್ನ ಪತ್ರ ಓದಿ, ಡ್ರೈವರ್‌ನಿಂದ ಹಣ ತೆಗೆದುಕೊಂಡು, ಚೀಟಿ ಹರಿದು ಕೊಟ್ಟ. ಡ್ರೈವರ್ ಅದನ್ನು ಎರಡು ಸಲ ಓದಿದ. ಹೋದ ವಾರಕ್ಕಿಂತ ಜಾಸ್ತಿ ತಗೊಂಡಿದ್ದಾನೆ ಎಂದ.

"ಹಾಗಾದರೆ ಕೇಳಬಹುದಿತ್ತಲ್ಲ?"

"ಆಗ ಸರ್ಕಾರ ಹಿಂಡಿದರೆ ಬೆಟ್ಟದಾಚೆ ಇವರಿದ್ದರು, ಭಾಯ್," ಎಂದು ಗೇರ್ ಹಾಕಿದ. "ಈಗ ಬೆಟ್ಟದಾಚೆಯೂ ಇವರೇ."